ಉಗ್ರಾಣದ ಎರಡನೆಯ ಬಾಗಿಲು

ಹಳೆಯ ಮನೆಯನ್ನು ದುರಸ್ತಿ ಮಾಡಿಸಿಕೊಂಡು ಅದರಲ್ಲಿಯೇ ಇರುವುದೋ, ಕೆಡವಿ ಹೊಸದನ್ನು ಕಟ್ಟಿಸುವುದೋ ಎಂಬ ಪ್ರಶ್ನೆ ಗೃಹಸ್ಥನಾದವನಿಗೆ ಒಮ್ಮೆಯಾದರೂ ಎದುರಾಗದೆ ಇರುವುದಿಲ್ಲ. ಸೂರು ಸೋರುತ್ತಿದೆಯೆಂದು ಗಾರೆಯವನನ್ನು ಕರೆದರೆ ಅವನು ಗೋಡೆಯನ್ನು ತಟ್ಟಿ ನೋಡುತ್ತಾನೆ. ಗೋಡೆಯನ್ನು ತಟ್ಟಿದವನು ತಳಪಾಯದ ಮಾತೆತ್ತುತ್ತಾನೆ. ನಾಲ್ಕು ಹೆಂಚು ಹೊದಿಸಿದರೆ ಮುಗಿಯಬೇಕಾಗಿದ್ದ ಕೆಲಸ ಸಂಜೆಯ ಹೊತ್ತಿಗೆ ಹೊಸ ಮನೆಯ ನಕ್ಷೆಯಾಗಿ ಪರಿಣಮಿಸಿರುತ್ತದೆ. 2025ರ ಡಿಸೆಂಬರ್ ತಿಂಗಳಲ್ಲಿ ಇಂಥದೇ ಪ್ರಶ್ನೆ ನಮ್ಮಲ್ಲಿ ಎದ್ದಿತು. ಮನೆಯ ವಿಷಯವಾಗಿ ಅಲ್ಲ, ಮಗನ ಕೋಣೆಯಲ್ಲಿರುವ ಆಟದ ಕಂಪ್ಯೂಟರಿನ ವಿಷಯವಾಗಿ.

ಆ ಯಂತ್ರವನ್ನು ನಾವು ಕೊಂಡುದು 2019ರಲ್ಲಿ, ಹುಡುಗ ಎಂಟನೆಯ ತರಗತಿಯಲ್ಲಿದ್ದಾಗ. ಬಿಡಿಭಾಗಗಳನ್ನು ಜೋಡಿಸಿಕೊಟ್ಟ ಅಂಗಡಿಯಾತ ಅವುಗಳ ಹೆಸರನ್ನು ಒಂದು ಕಾಗದದ ಮೇಲೆ ಬರೆದುಕೊಟ್ಟಿದ್ದ. ಅದು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಎಎಂಡಿ ಸಂಸ್ಥೆಯ ರೈಜನ್ 5 2600 ಎಂಬ ಪ್ರೊಸೆಸರು, ಬಿ450 ವರ್ಗದ ಮದರ್‌ಬೋರ್ಡು, ಸಾಧಾರಣವಾದೊಂದು ಗ್ರಾಫಿಕ್ಸ್ ಕಾರ್ಡು, 8 ಗಿಗಾಬೈಟಿನ ಒಂದೇ ಒಂದು ರ್ಯಾಮ್ ಸ್ಟಿಕ್. (ಪ್ರೊಸೆಸರಿಗೆ ‘ಸಂಸ್ಕಾರಕ’ವೆಂದೂ ಮೆಮೊರಿಗೆ ‘ಸ್ಮೃತಿ’ಯೆಂದೂ ಬರೆಯುವವರುಂಟು. ಕನ್ನಡದ ಅಧ್ಯಾಪಕನಾದ ನನಗೆ ಆ ಪದಗಳಲ್ಲಿ ಪ್ರೀತಿಯೇ ಇದೆ; ಆದರೆ ಅಂಗಡಿಗೆ ಹೋಗಿ ಸ್ಮೃತಿಯನ್ನು ಕೇಳಿದರೆ ಮನುಸ್ಮೃತಿಗಾಗಿ ಬೇರೆ ಬೀದಿಯನ್ನು ತೋರಿಸಿಯಾರು.) ಆ ದಿನ ಅಂಗಡಿಯಾತ, “ಸಾರ್, ಮೆಮೊರಿ ಜೋಡಿಯಾಗಿ ಹಾಕಿಸಿಬಿಡಿ” ಎಂದಿದ್ದ. ನಾನು ಜೇಬನ್ನು ಮುಟ್ಟಿ ನೋಡಿಕೊಂಡು, “ಈಗ ಒಂದಿರಲಿ, ಇನ್ನೊಂದನ್ನು ಆಮೇಲೆ ಹಾಕಿಸೋಣ” ಎಂದೆ. ಆ ‘ಆಮೇಲೆ’ ಆರು ವರ್ಷವಾದರೂ ಬಂದಿರಲಿಲ್ಲ. ನಾನು ಮರೆತಿದ್ದೆ, ಮಗ ಮರೆತಿರಲಿಲ್ಲ, ಆದರೆ ಒಮ್ಮೆಯೂ ನೆನಪಿಸಲಿಲ್ಲ.

ಆಟವೆಂದ ಕೂಡಲೆ ಕೋವಿ ಕತ್ತಿಗಳು ಕಣ್ಣಮುಂದೆ ಬರುವುದು ಸಹಜ. ಇವನ ಆಟದಲ್ಲಿ ಅವೊಂದೂ ಇಲ್ಲ. ಫಿನ್ಲೆಂಡಿನ ತಾಂಪೆರೆ ನಗರದ ಕಲಾಸಲ್ ಆರ್ಡರ್ ಎಂಬ ಸಂಸ್ಥೆ ರಚಿಸಿ, 2015ರ ಮಾರ್ಚ್ ತಿಂಗಳಲ್ಲಿ ಹೊರಬಂದ ‘ಸಿಟೀಸ್: ಸ್ಕೈಲೈನ್ಸ್’ ಎಂಬುದು ಊರು ಕಟ್ಟುವ ಆಟ. ಮೊದಲಿಗೆ ಬರಿಯ ಬಯಲು. ಅಲ್ಲಿ ರಸ್ತೆಯೆಳೆಯಬೇಕು, ನೀರಿನ ಕೊಳವೆ ಹಾಯಿಸಬೇಕು, ಕಸ ಸಾಗಿಸಬೇಕು, ಶಾಲೆ ತೆರೆಯಬೇಕು. ಇಷ್ಟಾದರೆ ಜನ ತಾವಾಗಿಯೇ ಬಂದು ನೆಲಸುತ್ತಾರೆ. ಆ ಜನ ಬರಿಯ ಸಂಖ್ಯೆಯಲ್ಲ. ಒಬ್ಬೊಬ್ಬರಿಗೂ ಒಂದು ವಯಸ್ಸು, ಒಂದು ಮನೆ, ಹೋಗಬೇಕಾದ ಒಂದು ಕೆಲಸ ಅಥವಾ ಶಾಲೆ. ಅವರು ಮನೆಯಿಂದ ಹೊರಟು ದಾರಿ ಹುಡುಕಿಕೊಂಡು ನಡೆಯುತ್ತಾರೆ, ಬಸ್ಸಿಗೆ ಕಾಯುತ್ತಾರೆ. ಏಕಕಾಲದಲ್ಲಿ 65,536 ಜನ, 16,384 ವಾಹನ ಇವುಗಳಿಗಿಂತ ಹೆಚ್ಚಿನವು ಬೀದಿಯಲ್ಲಿ ಇರತಕ್ಕದ್ದಲ್ಲವೆಂದು ಆಟವೇ ಮಿತಿ ಹಾಕಿಕೊಂಡಿದೆಯೆಂದರೆ ಲೆಕ್ಕದ ಭಾರವನ್ನು ವಾಚಕರು ಊಹಿಸಬಹುದು.

ಮಗ ಈ ಊರನ್ನು ಕಟ್ಟತೊಡಗಿದುದು 2020ರ ಲಾಕ್‌ಡೌನಿನ ದಿನಗಳಲ್ಲಿ. ನಮ್ಮ ತುಮಕೂರಿನ ಬೀದಿಗಳಲ್ಲಿ ನಾಯಿಗಳನ್ನುಳಿದು ಯಾರೂ ಸುಳಿಯುತ್ತಿರಲಿಲ್ಲ. ಇವನು ಕಿಟಕಿಯ ಪಕ್ಕದಲ್ಲಿ ಕುಳಿತು ಬೀದಿಗಳಿಗೆ ಜನರನ್ನು ತುಂಬುತ್ತಿದ್ದ. ನಡುವೆ ಒಂದು ದೊಡ್ಡ ಕೆರೆ, ನಮ್ಮ ಅಮಾನಿಕೆರೆಯ ಹಾಗೆ. ಅದರ ಸುತ್ತ ಏರಿ, ಏರಿಯ ಆಚೆಗೆ ಪೇಟೆ. ಐದು ವರ್ಷಗಳಲ್ಲಿ ಊರು ಎಪ್ಪತ್ತು ಸಾವಿರ ಜನರನ್ನು ದಾಟಿತು. ಹುಡುಗ ಈಗ ಸಿವಿಲ್ ಇಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿದ್ದಾನೆ. ಆ ದಾರಿ ಹಿಡಿದುದಕ್ಕೆ ಈ ಕೆರೆಯೂ ಸ್ವಲ್ಪ ಕಾರಣವೆಂದು ನನ್ನ ಗುಮಾನಿ.

ಊರು ಬೆಳೆದಂತೆ ಯಂತ್ರ ಸೋತಿತು. ಉಳಿಸಿದ್ದ ಊರನ್ನು ಮತ್ತೆ ತೆರೆಯಲು ಏಳು ನಿಮಿಷ ಬೇಕಾಗುತ್ತಿತ್ತು. ತೆರೆದ ಮೇಲೂ ಐದು ನಿಮಿಷಕ್ಕೊಮ್ಮೆ ಇಡೀ ಪೇಟೆ ಗರಬಡಿದಂತೆ ನಿಲ್ಲುವುದು. ಮತ್ತೆ ಹೊರಟರೂ ಕಾಲ ತೆವಳುವುದು. ಒಂದು ರಾತ್ರಿ ನೀರಿಗೆಂದು ಎದ್ದವನು ಅವನ ಕೋಣೆಯಲ್ಲಿ ಬೆಳಕು ಕಂಡು ಇಣುಕಿದೆ. ಪರದೆಯ ಮೇಲೆ ಊರು ನಿಂತಿತ್ತು. ಇವನೂ ಕೈಕಟ್ಟಿಕೊಂಡು ನೋಡುತ್ತ ಕುಳಿತಿದ್ದ. “ಏನಾಯಿತೋ?” ಎಂದೆ. “ಏನಿಲ್ಲ ಅಪ್ಪ, ಇನ್ನು ಇದನ್ನ ಬಿಟ್ಟುಬಿಡೋಣ ಅಂತಿದೀನಿ” ಎಂದ. ಐದು ವರ್ಷದ ಕೆಲಸವನ್ನು ಬಿಡುವವನ ಧ್ವನಿಯಲ್ಲಿ ದೂರಿನ ಲವಲೇಶವೂ ಇರಲಿಲ್ಲ. ಅದೇ ನನ್ನನ್ನು ನಾಟಿತು. ಮೇಜಿನ ಖಾನೆಯಿಂದ ಹಳೆಯ ಕಾಗದವನ್ನು ತೆಗೆದುದು ಆ ರಾತ್ರಿಯೇ.

ಕೈಯಲ್ಲಿ ಹಣವಿರಲಿಲ್ಲವೆಂದಲ್ಲ. ಆ ತಿಂಗಳು ನನ್ನ ಹೆಂಡತಿ ಚೀಟಿ ಎತ್ತಿದ್ದಳು. ಆದರೆ ಆ ಹಣದ ಹೆಚ್ಚಿನ ಪಾಲಿಗೆ ಹೆಸರು ಬಿದ್ದಿತ್ತು: ನನ್ನ ತಾಯಿಯ ಎರಡನೆಯ ಕಣ್ಣಿನ ಪೊರೆಯನ್ನು ತೆಗೆಸಬೇಕಾಗಿತ್ತು. ಉಳಿಯುವುದರಲ್ಲಿ ಯಂತ್ರಕ್ಕೆ ಏನಾಗಬಹುದು ಎಂಬುದಷ್ಟೆ ನಮ್ಮ ಮುಂದಿದ್ದ ಪ್ರಶ್ನೆ.

ಒಂದು ಭಾನುವಾರ ರೈಲು ಹತ್ತಿ ತಂದೆಮಕ್ಕಳಿಬ್ಬರೂ ಬೆಂಗಳೂರಿಗೆ ಹೋದೆವು. ಕಂಪ್ಯೂಟರಿನ ಬಿಡಿಭಾಗಗಳಿಗೆ ಎಸ್.ಪಿ. ರಸ್ತೆಯಂಥ ಬೀದಿ ಬೇರೊಂದಿಲ್ಲ. ಆದರೆ ಭಾನುವಾರದ ದಿನ ಅಲ್ಲಿ ಬಹುಪಾಲು ಅಂಗಡಿಗಳ ಬಾಗಿಲು ಮುಚ್ಚಿರುತ್ತದೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ತೆರೆದಿದ್ದ ಒಂದೆರಡರಲ್ಲಿ ಒಂದಕ್ಕೆ ನುಗ್ಗಿ ರೋಗಲಕ್ಷಣಗಳನ್ನು ವಿವರಿಸಿದೆವು. ಅಂಗಡಿಯ ತರುಣ ಬಹಳ ವಿನಯಶಾಲಿ. ನಮ್ಮ ಕಾಗದವನ್ನು ಓದಿ, ಹಳೆಯ ಓಲೆಗರಿಯನ್ನು ಹಿಂತಿರುಗಿಸುವಂತೆ ಎರಡು ಕೈಯಿಂದಲೂ ಹಿಂತಿರುಗಿಸಿದ. “ಸಾರ್, ಇದಕ್ಕೆ ಹಣ ಹಾಕೋದು ದಂಡ. ಹೊಸ ಎಎಂ5 ತೊಗೊಂಡುಬಿಡಿ. ವಿಂಡೋಸ್ 10 ಬೇರೆ ನಿಂತುಹೋಯ್ತು” ಎಂದ.

ಈ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅರ್ಧ ಸತ್ಯವನ್ನು ಖಂಡಿಸುವುದು ಪೂರ್ತಿ ಸುಳ್ಳನ್ನು ಖಂಡಿಸುವುದಕ್ಕಿಂತ ಕಷ್ಟ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದುದು ನಿಜ. 2017ರಲ್ಲಿ ಬಂದ ಮೊದಲ ಪೀಳಿಗೆಯ ರೈಜನ್ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲವೆಂಬುದೂ ನಿಜ. ಆದರೆ ನಮ್ಮದು 2018ರ ಪೀಳಿಗೆ, ಅದು ಪಟ್ಟಿಯಲ್ಲಿದೆ. ಇನ್ನು ಎಎಂ5. ಪ್ರೊಸೆಸರು ಕೂರುವ ಪೀಠಕ್ಕೆ ಸಾಕೆಟ್ ಎನ್ನುತ್ತಾರಷ್ಟೆ. ನಮ್ಮ ಯಂತ್ರದ ಸಾಕೆಟ್ ಎಎಂ4. 2022ರ ಸೆಪ್ಟೆಂಬರಿನಲ್ಲಿ ಬಂದ ಎಎಂ5 ಅದಕ್ಕಿಂತ ಮುಂದುವರಿದದ್ದೇ ಸರಿ. ಆದರೆ ಅದರಲ್ಲಿ ಹಳೆಯ ಪ್ರೊಸೆಸರು ಕೂರುವುದಿಲ್ಲ. ಡಿಡಿಆರ್4 ಮೆಮೊರಿಯೂ ಹಿಡಿಸುವುದಿಲ್ಲ, ಡಿಡಿಆರ್5 ಒಂದೇ ಅದಕ್ಕೆ ಸಲ್ಲುವುದು. ಎಂದರೆ ಪ್ರೊಸೆಸರು, ಮದರ್‌ಬೋರ್ಡು, ಮೆಮೊರಿ ಮೂರನ್ನೂ ಒಟ್ಟಿಗೆ ಕೊಳ್ಳಬೇಕು. ಹೆಂಚು ಹೊದಿಸಲು ಹೋದವನಿಗೆ ತಳಪಾಯವೇ ಗಂಟುಬಿದ್ದಂತಾಯಿತು.

ಅದೂ ಎಂಥ ಕಾಲದಲ್ಲಿ! ಜಗತ್ತಿನ ಮೆಮೊರಿಯ ಬಹುಭಾಗವನ್ನು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಸಂಸ್ಥೆಗಳೇ ತಯಾರಿಸುತ್ತವೆ. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ದತ್ತಾಂಶ ಕೇಂದ್ರಗಳ ಹಸಿವು ಇವುಗಳ ಉತ್ಪಾದನೆಯನ್ನು ತನ್ನ ಕಡೆಗೆ ಸೆಳೆದುಕೊಂಡು, 2025ರ ಕೊನೆಯ ತಿಂಗಳುಗಳಲ್ಲಿ ಅಂಗಡಿಯ ಮೆಮೊರಿಯ ಬೆಲೆ ಎರಡುಪಟ್ಟನ್ನೂ ಮೀರಿ ಏರಿತು. ನಾವು ಬೆಂಗಳೂರಿಗೆ ಹೋದ ತಿಂಗಳಲ್ಲಿಯೇ ಮೈಕ್ರಾನ್ ತನ್ನ ‘ಕ್ರೂಷಿಯಲ್’ ಹೆಸರಿನ ಚಿಲ್ಲರೆ ವ್ಯಾಪಾರವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಯಾವುದೋ ಖಂಡದ ಯಾವುದೋ ಯಂತ್ರ ಕವಿತೆ ಹೊಸೆಯುವುದನ್ನು ಕಲಿಯಲೆಂದು ತುಮಕೂರಿನ ಹುಡುಗನ ಕೆರೆ ಒಣಗಬೇಕಾಯಿತು ಎಂದುಕೊಂಡೆ. ಬೆಲೆಪಟ್ಟಿ ನೋಡಿದ ಮಗ, “ಬೇಡ ಅಪ್ಪ, ಹೋಗೋಣ. ಅಜ್ಜಿ ಕಣ್ಣು ಮೊದಲು” ಎಂದ. ಬರಿಗೈಯಲ್ಲಿ ಹಿಂತಿರುಗಿದೆವು.

ಅಂದು ರಾತ್ರಿ ಊಟದ ಹೊತ್ತಿಗೆ ನಡೆದುದನ್ನೆಲ್ಲ ಹೇಳಿದೆ. ನನ್ನ ಹೆಂಡತಿಗೆ ಯಂತ್ರಗಳಲ್ಲಿ ಆಸಕ್ತಿಯಿಲ್ಲ. ಅವಳು ಸಾರು ಬಡಿಸುತ್ತ, “ನಮ್ಮ ಗೃಹಪ್ರವೇಶದ ದಿನ ಊಟ ಮೂರು ಗಂಟೆಗೆ ಆಯಿತಲ್ಲ, ಅದಕ್ಕೆ ಅಡುಗೆ ಭಟ್ಟರನ್ನ ಬೈದಿರಿ. ಅವರೇನು ಮಾಡಿಯಾರು? ಉಗ್ರಾಣದ ಬೀಗದ ಕೈ ನಿಮ್ಮ ಸೋದರತ್ತೆ ಸೊಂಟದಲ್ಲಿತ್ತು. ಅಕ್ಕಿ ಕೇಳಿದರೆ ಅಕ್ಕಿ, ಬೇಳೆ ಕೇಳಿದರೆ ಬೇಳೆ, ಒಂದೊಂದು ಸಲ ಒಂದೊಂದು ಪಾತ್ರೆ. ಭಟ್ಟರು ಸೌಟು ಹಿಡಿದುಕೊಂಡು ಕೂತಿದ್ದರು. ಇಲ್ಲಿ ಯಾರು ಕೂತಿದಾರೆ ಅಂತ ಮೊದಲು ನೋಡಿ” ಎಂದಳು.

ಮಗ ತಲೆಯೆತ್ತಿ ನೋಡಿದ. ಅಡುಗೆಮನೆಯ ಈ ಮಾತಿಗಿಂತ ಚೆನ್ನಾಗಿ ಈ ವಿಷಯವನ್ನು ವಿವರಿಸಿದ ಪುಸ್ತಕವನ್ನು ನಾನು ಈವರೆಗೂ ಕಂಡಿಲ್ಲ. ಪ್ರೊಸೆಸರು ಭಟ್ಟರು, ಮೆಮೊರಿ ಉಗ್ರಾಣ, ಭಟ್ಟರ ಕೈಗೆಟಕುವಂತೆ ಗೋಡೆಯಲ್ಲಿರುವ ಸಣ್ಣ ಗೂಡು ‘ಕ್ಯಾಶ್’ ಎಂಬ ಒಳಮೆಮೊರಿ, ಡಿಸ್ಕು ಸಂತೆ. ಗೂಡಿನಲ್ಲಿರುವ ಸಾಸಿವೆ ಕ್ಷಣಾರ್ಧದಲ್ಲಿ ಕೈಗೆ ಬರುತ್ತದೆ. ಉಗ್ರಾಣದಿಂದ ತರಲು ಅದಕ್ಕಿಂತ ಎಷ್ಟೋ ಪಾಲು ಹೊತ್ತು. ಉಗ್ರಾಣದಲ್ಲಿಯೂ ಇಲ್ಲವೆಂದು ಸಂತೆಗೆ ಆಳು ಓಡಿದರೆ, ಇಂದಿನ ಎಸ್‌ಎಸ್‌ಡಿಯೇ ಆದರೂ, ಉಗ್ರಾಣದ ಸುಮಾರು ಸಾವಿರಪಟ್ಟು. ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ತಿಳಿಯದೆ ಭಟ್ಟರನ್ನು ಬದಲಾಯಿಸಿ ಫಲವೇನು?

ಊಟವಾದ ಮೇಲೆ ಪರೀಕ್ಷೆಗೆ ಕುಳಿತೆವು. ಮೊದಲಿಗೆ ಗ್ರಾಫಿಕ್ಸ್ ಕಾರ್ಡು. ಪರದೆಯ ಚಿತ್ರವನ್ನು 1920ಕ್ಕೆ 1080 ಬಿಂದುಗಳ ಅಳತೆಯಿಂದ 1280ಕ್ಕೆ 720ಕ್ಕೆ ಇಳಿಸಿದ. ಬಿಡಿಸಬೇಕಾದ ಬಿಂದುಗಳು ಅರ್ಧಕ್ಕಿಂತಲೂ ಕಡಮೆಯಾದುವು. ಊರಿನ ನಡಿಗೆ ಎಳ್ಳಷ್ಟೂ ಚುರುಕಾಗಲಿಲ್ಲ. ಚಿತ್ರ ಬಿಡಿಸುವವನ ಮೇಲೆ ತಪ್ಪಿಲ್ಲವೆಂದು ಇದರಿಂದ ಸ್ಥಿರವಾಯಿತು. (ಅವನು ಆಡುತ್ತಿದ್ದುದು 2023ರ ಅಕ್ಟೋಬರಿನಲ್ಲಿ ಬಂದ ಎರಡನೆಯ ಸ್ಕೈಲೈನ್ಸ್ ಆಗಿದ್ದರೆ ಲೆಕ್ಕವೇ ಬೇರೆ; ಆ ಕಾರ್ಡಿನಿಂದಲೇ ಮೊದಲುಗೊಳ್ಳಬೇಕಾಗುತ್ತಿತ್ತು.) ಅನಂತರ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ಮೆಮೊರಿಯ ಪುಟವನ್ನು ನೋಡಿದೆವು. ಇದ್ದ 8 ಗಿಗಾಬೈಟು ಅಂಚಿನವರೆಗೆ ತುಂಬಿತ್ತು. ಅದು ಎಲ್ಲರಿಗೂ ಕಾಣುವ ಅಂಕಿ. ಅದರ ಕೆಳಗೆ ‘ಕಮಿಟೆಡ್’ ಎಂಬ ಇನ್ನೊಂದು ಅಂಕಿಯುಂಟು: ತೆರೆದಿರುವ ಕಾರ್ಯಕ್ರಮಗಳೆಲ್ಲ ಒಟ್ಟಾಗಿ ಎಷ್ಟು ಮೆಮೊರಿಯನ್ನು ತಮ್ಮ ಹೆಸರಿಗೆ ಬರೆಸಿಕೊಂಡಿವೆಯೆಂಬುದರ ಲೆಕ್ಕ ಅದು. ಅಲ್ಲಿ 13 ಎಂದಿತ್ತು. 8 ಸೇರು ಹಿಡಿಯುವ ಉಗ್ರಾಣಕ್ಕೆ 13 ಸೇರಿನ ಬೇಡಿಕೆ! ಬೇರೆ ಆಟಗಾರರು ರಚಿಸಿ ಹಂಚಿದ ಹೆಂಚಿನ ಮನೆ, ಗುಡಿ, ಆಲದ ಮರಗಳ ಮಾದರಿಗಳನ್ನು ಹುಡುಗ ನೂರಾರು ಸಂಖ್ಯೆಯಲ್ಲಿ ತಂದು ಸೇರಿಸಿದ್ದ. ಅವೆಲ್ಲ ಊರು ತೆರೆಯುವಾಗಲೇ ಮೆಮೊರಿಗೆ ಬಂದು ಕೂರುತ್ತವೆ. ಉಳಿದುದಕ್ಕೆ ಆಳು ಹಗಲಿರುಳೂ ಸಂತೆಗೆ ಓಡುತ್ತಿದ್ದ. ಪೇಟೆಗೆ ಗರಬಡಿಯುತ್ತಿದ್ದುದು ಆಗಲೇ. ಇನ್ನೊಂದು ಲಾಭವೂ ಆಯಿತು: 13ಕ್ಕೆ 16 ಸಾಕು, ಬೆಲೆಯೇರಿದ ಈ ದಿನಗಳಲ್ಲಿ 32ಕ್ಕೆ ಆಸೆಪಡಬೇಕಾಗಿಲ್ಲ ಎಂಬುದು ಅದೇ ಅಂಕಿಯಿಂದ ತಿಳಿಯಿತು.

ಅದೇ ಪುಟದ ಮೂಲೆಯಲ್ಲಿ ಕಂಡ ಮತ್ತೊಂದು ಅಂಕಿ ನನ್ನನ್ನು ನಾಚಿಸಿತು. ಸ್ಟಿಕ್ಕಿನ ಮೇಲೆ 3000 ಎಂಬ ವೇಗ ಅಚ್ಚಾಗಿದೆ. ಅದು ಓಡುತ್ತಿದ್ದುದು 2133ರಲ್ಲಿ. ಅಚ್ಚಾದ ವೇಗದಲ್ಲಿ ಓಡಬೇಕಾದರೆ ಬಯಾಸ್ ಎಂಬ ಮೂಲವ್ಯವಸ್ಥೆಯಲ್ಲಿ ‘ಎಕ್ಸ್‌ಎಂಪಿ’ ಎಂಬುದನ್ನು ಒಮ್ಮೆ ಆರಿಸಬೇಕು. ಆರು ವರ್ಷ ಯಾರೂ ಆರಿಸಿರಲಿಲ್ಲ. ಓಡಬಲ್ಲ ಆಳನ್ನು ಸಂಬಳಕ್ಕಿಟ್ಟುಕೊಂಡು, ಓಡು ಎಂದು ಹೇಳುವುದನ್ನೇ ಮರೆತಂತೆ. ಆ ರಾತ್ರಿಯೇ ಆರಿಸಿದೆವು. ಕಾಸು ಖರ್ಚಿಲ್ಲದೆ ಉಗ್ರಾಣದ ಬಾಗಿಲಲ್ಲಿ ಸೆಕೆಂಡಿಗೆ 17 ಗಿಗಾಬೈಟು ಸಾಗುತ್ತಿದ್ದುದು 24ಕ್ಕೆ ಏರಿತು. ಆದರೆ ಬಾಗಿಲು ಒಂದೇ. ಬಿ450 ಬೋರ್ಡಿನ ಮೆಮೊರಿಗೆ ಬಾಗಿಲು ಎರಡು. ಎರಡು ಸ್ಟಿಕ್ಕುಗಳಿದ್ದರೆ ಮಾತ್ರ ಎರಡೂ ತೆರೆಯುತ್ತವೆ. 2019ರಲ್ಲಿ ಜೇಬು ಮುಟ್ಟಿಕೊಂಡು ಎರಡನೆಯದಕ್ಕೆ ಬೀಗ ಹಾಕಿದವನು ನಾನೇ.

ಮುಂದಿನ ವಾರದ ಒಂದು ದಿನ ಕಾಲೇಜಿಗೆ ರಜೆ ಹಾಕಿ, ಮತ್ತೆ ಅದೇ ರಸ್ತೆಯಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ತಯಾರಿಕೆಯ, ಅದೇ ವೇಗದ, ಬಳಸಿದ 8 ಗಿಗಾಬೈಟಿನ ಸ್ಟಿಕ್ಕನ್ನು ಹುಡುಕಿ ತಂದೆವು. ಹೊಸದಾಗಿ 2019ರಲ್ಲಿ ನಿರಾಕರಿಸಿದ್ದನ್ನು ಹಳೆಯದಾಗಿ ಅದಕ್ಕಿಂತ ಹೆಚ್ಚಿನ ಬೆಲೆಗೆ ಕೊಂಡೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬಳಸಿದ ಮೆಮೊರಿಯನ್ನು ನಂಬುವ ಮೊದಲು ಪರೀಕ್ಷಿಸಬೇಕು. ಅದಕ್ಕೆಂದೇ ಇರುವ ಕಾರ್ಯಕ್ರಮವೊಂದನ್ನು ಹುಡುಗ ಇಡೀ ರಾತ್ರಿ ಓಡಿಸಿದ; ಬೆಳಗ್ಗೆ ತಪ್ಪುಗಳ ಎದುರಿಗೆ ಸೊನ್ನೆಯಿತ್ತು. ಊರು ಎರಡು ನಿಮಿಷದೊಳಗೆ ತೆರೆಯಿತು. ಗರ ಬಿಟ್ಟಿತು. ಆದರೆ ಕಾಲ ಇನ್ನೂ ತೆವಳುತ್ತಿತ್ತು.

ಹಾಗಾದರೆ ಪ್ರೊಸೆಸರೇ? ನಾನು ಟಾಸ್ಕ್ ಮ್ಯಾನೇಜರನ್ನು ನೋಡಿ, “ಅದು ಶೇಕಡ 40 ಮಾತ್ರ ದುಡಿಯುತ್ತಿದೆ, ಅರ್ಧಕ್ಕೂ ಹೆಚ್ಚು ಸೋಮಾರಿಯಾಗಿ ಕುಳಿತಿದೆ” ಎಂದು ತೀರ್ಪಿತ್ತೆ. ಮಗ ನಕ್ಕ. “ಅಪ್ಪ, ಅದು ಸರಾಸರಿ” ಎಂದ. ರೈಜನ್ 5 2600ರಲ್ಲಿ ಆರು ಮಂದಿ ಭಟ್ಟರು, ಒಬ್ಬೊಬ್ಬರಿಗೆ ಎರಡೆರಡು ಒಲೆ, ಒಟ್ಟು ಹನ್ನೆರಡು. ಒಂದು ಒಲೆ ಪೂರ್ತಿ ಉರಿಯುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಶೇಕಡ 8ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉಳಿದವರು ಹೆಚ್ಚಬಹುದು, ರುಬ್ಬಬಹುದು. ಒಗ್ಗರಣೆ ಹಾಕುವವನು ಒಬ್ಬನೇ ಆದರೆ ಪಂಕ್ತಿ ಅವನ ಕೈಯನ್ನೇ ನೋಡುತ್ತಿರಬೇಕು. 1967ರಲ್ಲಿಯೇ ಜೀನ್ ಆಮ್ಡಾಲ್ ಎಂಬ ವಿನ್ಯಾಸಕಾರ ಇದನ್ನು ವಾದಿಸಿ ತೋರಿಸಿದ. ಕೆಲಸದ ಅರ್ಧಭಾಗ ಒಂದರ ಹಿಂದೊಂದಾಗಿಯೇ ನಡೆಯಬೇಕಾದುದಾಗಿದ್ದರೆ, ಎಷ್ಟು ಜನರನ್ನು ಸೇರಿಸಿದರೂ ಅದು ಎರಡುಪಟ್ಟಿಗಿಂತ ಬೇಗ ಮುಗಿಯದು. ಸರಾಸರಿಯನ್ನು ನಂಬಬಾರದೆಂದು ಪರೀಕ್ಷೆಯ ಫಲಿತಾಂಶಗಳ ಸಂದರ್ಭದಲ್ಲಿ ನಾನೇ ವಿಭಾಗದ ಸಭೆಯಲ್ಲಿ ಭಾಷಣ ಮಾಡಿದವನು!

ಆದುದರಿಂದ ಬೇಕಾದುದು ಹೆಚ್ಚು ಭಟ್ಟರಲ್ಲ, ಕೈಚಳಕದ ಭಟ್ಟರು. 2022ರಲ್ಲಿ ಬಂದ ರೈಜನ್ 5 5600ರಲ್ಲಿಯೂ ಆರೇ ಮಂದಿ. ಆದರೆ ಒಬ್ಬೊಬ್ಬನ ವೇಗ ಹೆಚ್ಚು: 3.9 ಗಿಗಾಹರ್ಟ್ಸಿಗೆ ಬದಲು 4.4ರವರೆಗೆ ಏರುತ್ತದೆ, ಒಂದೊಂದು ತುಡಿತದಲ್ಲಿ ಮಾಡುವ ಕೆಲಸವೂ ಹೆಚ್ಚು. ಅದಕ್ಕಿಂತ ಮುಖ್ಯವಾದುದು ಗೋಡೆಯ ಗೂಡು. ಹಳೆಯದರಲ್ಲಿ ಮೂರನೆಯ ಹಂತದ ಕ್ಯಾಶು 8 ಮೆಗಾಬೈಟಿನಂತೆ ಎರಡು ಹೋಳು. ಹೊಸದರಲ್ಲಿ 32 ಮೆಗಾಬೈಟಿನ ಒಂದೇ ಗೂಡು, ಆರು ಜನರ ಕೈಗೂ ಎಟಕುವಂಥದು. ಎಪ್ಪತ್ತು ಸಾವಿರ ಜನರ ವಿಳಾಸವನ್ನು ಹುಡುಕುತ್ತಲೇ ಇರುವ ಆಟಕ್ಕೆ ಇದು ದೊಡ್ಡ ಮಾತು. 96 ಮೆಗಾಬೈಟಿನ ಕ್ಯಾಶುಳ್ಳ 5800ಎಕ್ಸ್3ಡಿ ಎಂಬುದೂ ಇದೇ ಸಾಕೆಟ್ಟಿಗೆ ಬಂದಿತ್ತು. ಇಂಥ ಆಟಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನಾವು ಹುಡುಕಿದಾಗ ಹೊಸದು ಎಲ್ಲಿಯೂ ಸಿಗಲಿಲ್ಲ. ಹಳೆಯದಕ್ಕೆ ಕೇಳಿದ ಬೆಲೆ ನಮ್ಮ ಯೋಗ್ಯತೆಗೆ ಮೀರಿದ್ದು.

ಹಳೆಯ ಬೋರ್ಡಿನಲ್ಲಿ ಹೊಸ ಪ್ರೊಸೆಸರು ಕೂರುವುದೆಂಬುದರ ಹಿಂದೆಯೂ ಒಂದು ಕಥೆಯುಂಟು. 2020ರ ಮೇ ತಿಂಗಳಲ್ಲಿ ಎಎಂಡಿ ಸಂಸ್ಥೆ, ಮುಂದೆ ಬರುವ ಪೀಳಿಗೆಗೆ ಬಿ450 ಬೋರ್ಡುಗಳಲ್ಲಿ ಅವಕಾಶವಿಲ್ಲವೆಂದು ಹೇಳಿತು. ಬಯಾಸನ್ನು ಹಿಡಿದಿಡುವ ಚಿಪ್ಪಿನಲ್ಲಿ ಎಲ್ಲ ಪ್ರೊಸೆಸರುಗಳ ವಿವರಕ್ಕೂ ಸ್ಥಳ ಸಾಲದೆಂಬುದು ಕೊಟ್ಟ ಕಾರಣ. ಬಳಕೆದಾರರು ಸುಮ್ಮನಿರಲಿಲ್ಲ. ಅದೇ ತಿಂಗಳು ಮುಗಿಯುವ ಮೊದಲೇ ಸಂಸ್ಥೆ ತನ್ನ ಮಾತನ್ನು ಹಿಂದೆಗೆದುಕೊಂಡಿತು. ಅಂದು ಯಾರೋ ಎಲ್ಲಿಯೋ ತಕರಾರು ಮಾಡಿದುದರ ಫಲವನ್ನು ನಾವು ಇಂದು ಉಣ್ಣುತ್ತಿದ್ದೇವೆ. ಅಂದ ಹಾಗೆ, ಅದೇ ಸಂಸ್ಥೆ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದುದು ಬೆಂಗಳೂರಿನಲ್ಲಿಯೇ.

ತಾಯಿಯ ಶಸ್ತ್ರಚಿಕಿತ್ಸೆ ಸಂಕ್ರಾಂತಿಗೆ ಮುಂಚೆ ಸುಸೂತ್ರವಾಗಿ ಆಯಿತು. ಉಳಿದ ಚೀಟಿಯ ಹಣದಲ್ಲಿ 5600 ಬಂದಿತು. ಹಳೆಯ ಪ್ರೊಸೆಸರನ್ನು ಕೀಳುವ ಮೊದಲೇ ಬಯಾಸನ್ನು ಹೊಸದಾಗಿಸಬೇಕು. ಇಲ್ಲವಾದರೆ ಬೋರ್ಡು ಹೊಸಬನನ್ನು ಗುರುತಿಸದು. ಅದು ನಡೆಯುವ ಐದಾರು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡೇ ಕೈಬಿಟ್ಟು ಹೋಗಬಹುದು. ನಮ್ಮ ಬಡಾವಣೆಯ ಕರೆಂಟಿನ ಸ್ವಭಾವ ನನಗೆ ಗೊತ್ತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಅಲುಗಾಡದೆ ಕುಳಿತು ಮುಗಿಸಿದೆವು. ಅದಾದ ಮೇಲೆ ಇನ್ನೊಂದು ಗಂಡಾಂತರ. ಎಎಂ4 ಪ್ರೊಸೆಸರಿನ ಹೊಟ್ಟೆಯಡಿಯಲ್ಲಿ 1331 ಸೂಜಿಗಳಿವೆ. ಆರು ವರ್ಷದಲ್ಲಿ ಒಣಗಿದ ಅಂಟು, ಮೇಲಿನ ಫ್ಯಾನನ್ನು ಎತ್ತಿದರೆ ಪ್ರೊಸೆಸರನ್ನೂ ಸಾಕೆಟ್ಟಿನಿಂದ ಕಿತ್ತುಕೊಂಡು ಬರುವುದುಂಟು; ಸೂಜಿ ಬಾಗಿದರೆ ಕಥೆ ಮುಗಿಯಿತು. ಮಗ ಯಂತ್ರವನ್ನು ಅರ್ಧ ಗಂಟೆ ಓಡಿಸಿ ಅಂಟನ್ನು ಬಿಸಿಮಾಡಿ, ಆರಿಸಿ, ಫ್ಯಾನನ್ನು ಎತ್ತದೆ ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಗಿಸಿ ಬಿಡಿಸಿದ. ಟಾರ್ಚು ಹಿಡಿದಿದ್ದ ನನ್ನ ಕೈ ನಡುಗುತ್ತಿತ್ತು, ಅವನದು ನಡುಗಲಿಲ್ಲ.

ಬಿಸಿಲೇರುವ ಹೊತ್ತಿಗೆ ಊರು ತೆರೆಯಿತು. ಏರಿಯ ಮೇಲೆ ಜನ ಸರಸರನೆ ನಡೆಯುತ್ತಿದ್ದರು. ಐದು ನಿಮಿಷ ನೋಡಿದ ಮಗ ಹುಬ್ಬುಗಂಟಿಕ್ಕಿ, “ಪೇಟೆ ಸರ್ಕಲಿನಲ್ಲಿ ಬಸ್ಸೆಲ್ಲ ನಿಂತಿವೆ ಅಪ್ಪ. ಮೊದಲು ನಿಧಾನವಾಗಿದ್ದಾಗ ಗೊತ್ತಾಗ್ತಿರಲಿಲ್ಲ. ಅಲ್ಲೊಂದು ಅಂಡರ್‌ಪಾಸ್ ಬೇಕು” ಎಂದು ಮೌಸನ್ನು ಹಿಡಿದ. ಅಷ್ಟರಲ್ಲಿ ನನ್ನ ತಾಯಿ ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಪೊರೆ ತೆಗೆಸಿದ ಕಣ್ಣಿಗೆ ನೀಲಿ ಹೆಚ್ಚು ಗಾಢವಾಗಿ ಕಾಣುತ್ತದೆಂದು ವೈದ್ಯರು ಹೇಳಿದ್ದರು. ಪರದೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, “ಇದು ನಮ್ಮ ಅಮಾನಿಕೆರೆಯೇನೋ?” ಎಂದು ಕೇಳಿದಳು. ಹೌದೆಂದ.

“ಇಷ್ಟು ನೀಲಿ ಯಾವತ್ತಿತ್ತೋ ಅದು? ಸ್ವಲ್ಪ ಕೆಂಪು ಬೆರೆಸು, ಮಳೆಗಾಲದ ಹಾಗೆ” ಎಂದಳು.